ಕಿಡ್ನಿ ತೊಂದರೆಗೆ ಕಡಿಮೆ ಪ್ರೊಟೀನ್ ಊಟ: ಕುಚ್ಚಲಕ್ಕಿಯ ಊರಿನಲ್ಲಿ ಲೆಕ್ಕ ಹಿಡಿಯುವುದು ಹೇಗೆ?

"ಪ್ರೊಟೀನ್ ಕಡಿಮೆ ಮಾಡಿ" ಎಂದು ಡಾಕ್ಟರು ಹೇಳಿದ ಮರುದಿನವೇ ನಮ್ಮ ಕಡೆಯ ಮನೆಗಳಲ್ಲಿ ಎರಡು ಬದಲಾವಣೆ ಆಗುತ್ತದೆ. ಮೀನು ಪೂರ್ತಿ ನಿಲ್ಲುತ್ತದೆ, ಬಟ್ಟಲಿನ ಅನ್ನ ಅರ್ಧಕ್ಕೆ ಇಳಿಯುತ್ತದೆ. ಮೊದಲನೆಯದು ಹೆಚ್ಚಿನವರಿಗೆ ಬೇಕಾಗಿಲ್ಲ. ಎರಡನೆಯದಂತೂ ಅಪಾಯ. ಅತ್ತ ಇಡ್ಲಿ, ಉದ್ದಿನ ದೋಸೆ, ಕಡ್ಲೆ ಗಸಿ, ದಿನಕ್ಕೆ ನಾಲ್ಕು ಸಲ ಹಾಲು ಹಾಕಿದ ಚಾ ಎಂದಿನಂತೆ ನಡೆಯುತ್ತಲೇ ಇರುತ್ತದೆ. ಮೂರು ತಿಂಗಳ ನಂತರ ರಕ್ತದಲ್ಲಿ ಯೂರಿಯಾ ಇಳಿದಿರುವುದಿಲ್ಲ, ತೂಕ ಮಾತ್ರ ಇಳಿದಿರುತ್ತದೆ.

ಅನ್ನವೇ ಮುಖ್ಯವಾದ ಕರಾವಳಿಯ ಊಟದಲ್ಲಿ ಈ ಪಥ್ಯ ಪಾಲಿಸುವುದು ಗೋಧಿ ಸೀಮೆಯವರಿಗಿಂತ ಸುಲಭ. ಆದರೆ ತಕ್ಕಡಿ ಇಲ್ಲದೆ ಆಗುವುದಿಲ್ಲ. ಏನು ಬಿಡಬೇಕು ಎನ್ನುವುದಕ್ಕಿಂತ ಎಷ್ಟು ತೂಗಬೇಕು, ಬಿಟ್ಟ ಜಾಗದಲ್ಲಿ ಹೊಟ್ಟೆಗೆ ಏನು ಹಾಕಬೇಕು ಎನ್ನುವ ಪ್ರಶ್ನೆಯೇ ಇಲ್ಲಿ ದೊಡ್ಡದು.

ಮೊದಲು ನಿಮ್ಮ ಅಂಕಿ

ತಿಂದ ಪ್ರೊಟೀನ್ ದೇಹದಲ್ಲಿ ಬಳಕೆಯಾದ ಮೇಲೆ ಉಳಿಯುವ ಸಾರಜನಕದ ಕಸ ಯೂರಿಯಾ ಆಗಿ ಮೂತ್ರದಲ್ಲಿ ಹೊರಗೆ ಹೋಗಬೇಕು. ಕಿಡ್ನಿಯ ಸೋಸುವ ಶಕ್ತಿ ಕಡಿಮೆಯಾದಾಗ ಅದು ರಕ್ತದಲ್ಲೇ ಉಳಿಯುತ್ತದೆ. ಓಕರಿಕೆ, ಬಾಯಿಯಲ್ಲಿ ಕಹಿ, ತುರಿಕೆ ಅದರಿಂದ ಬರುವವು. ಹೆಚ್ಚು ಪ್ರೊಟೀನ್ ತಿಂದಷ್ಟೂ ಉಳಿದ ಸೋಸುಗಗಳ ಒಳಗೆ ಒತ್ತಡ ಏರಿ ಅವೂ ಬೇಗ ಸವೆಯುತ್ತವೆ. ಪಥ್ಯದ ಉದ್ದೇಶ ಈ ಎರಡನ್ನೂ ತಗ್ಗಿಸುವುದು. ಹಾಳಾದ ಕಿಡ್ನಿಯನ್ನು ಸರಿಮಾಡುವ ಶಕ್ತಿ ಅದಕ್ಕಿಲ್ಲ.

ಲೆಕ್ಕ ಇರುವುದು ದೇಹದ ತೂಕದ ಮೇಲೆ. ಸೋಸುವ ಶಕ್ತಿ ಇಳಿದಂತೆ ಕಾಯಿಲೆಯನ್ನು 1ರಿಂದ 5 ಹಂತವಾಗಿ ಎಣಿಸುತ್ತಾರೆ. 3ರಿಂದ 5ನೇ ಹಂತದಲ್ಲಿದ್ದು ಡಯಾಲಿಸಿಸ್ ಇಲ್ಲದವರಿಗೆ ಈಗ ಎರಡು ಬಗೆಯ ಸಲಹೆ ಚಾಲ್ತಿಯಲ್ಲಿದೆ. ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆಯಾದ ಕೆಡಿಗೋದ 2024ರ ಮಾರ್ಗಸೂಚಿ ಕಿಲೋಗೆ 0.8 ಗ್ರಾಂ ಎನ್ನುತ್ತದೆ. ಅಮೆರಿಕದ ಕಿಡ್ನಿ ಸಂಸ್ಥೆಯ 2020ರ ಕೆಡೋಕಿ ಮಾರ್ಗಸೂಚಿ ಇನ್ನೂ ಬಿಗಿ: ಸಕ್ಕರೆ ಕಾಯಿಲೆ ಇಲ್ಲದವರಿಗೆ 0.55ರಿಂದ 0.6 ಗ್ರಾಂ, ಇದ್ದವರಿಗೆ 0.6ರಿಂದ 0.8 ಗ್ರಾಂ. 60 ಕಿಲೋ ತೂಕದವರಿಗೆ 0.6 ಹಿಡಿದರೆ ದಿನಕ್ಕೆ 36 ಗ್ರಾಂ, 0.8 ಹಿಡಿದರೆ 48 ಗ್ರಾಂ ಎಂದಾಯಿತು. ನಿಮಗೆ ಇದರಲ್ಲಿ ಯಾವುದು ಎನ್ನುವುದನ್ನು ಕಿಡ್ನಿ ಡಾಕ್ಟರ ಬಾಯಿಂದಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. "ಸ್ವಲ್ಪ ಕಡಿಮೆ ಮಾಡಿ" ಎಂಬ ಮಾತಿನಿಂದ ಅಡುಗೆಮನೆಯಲ್ಲಿ ಏನೂ ಮಾಡಲಾಗುವುದಿಲ್ಲ. ಕಾಲು ಊದಿದ್ದರೆ ಆ ನೀರಿನ ತೂಕ ಲೆಕ್ಕಕ್ಕೆ ಬರಬಾರದು. ಬೊಜ್ಜು ಹೆಚ್ಚಿದ್ದರೆ ಎತ್ತರಕ್ಕೆ ಸರಿಯಾದ ತೂಕ ಹಿಡಿಯುತ್ತಾರೆ.

ಈ ಪಥ್ಯ ಯಾರಿಗೆ ಸಲ್ಲದು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಡಯಾಲಿಸಿಸ್ ಶುರುವಾದವರಿಗೆ, ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ, ಆಗಷ್ಟೇ ಆಪರೇಷನ್ ಆದವರಿಗೆ, ಜ್ವರ ಅಥವಾ ಸೋಂಕಿನಲ್ಲಿ ಮಲಗಿದವರಿಗೆ, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರಿಗೆ ಇದನ್ನು ಮನೆಯಲ್ಲೇ ಶುರು ಮಾಡಬಾರದು.

ತಕ್ಕಡಿ, ಕುಡ್ತೆ, ಪುಸ್ತಕ

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಳ್ಳಿ. ಮನೆಯಲ್ಲಿ ಅಕ್ಕಿ ಅಳೆಯುವ ಕುಡ್ತೆಯನ್ನು ತುಂಬಿಸಿ ತೂಗಿ, ಎಷ್ಟು ಗ್ರಾಂ ಬಂತೆಂದು ಅದರ ತಳಕ್ಕೇ ಬರೆದಿಡಿ. ಕುಡ್ತೆ ಮನೆಯಿಂದ ಮನೆಗೆ ಬೇರೆ. ಪಕ್ಕದ ಮನೆಯವರ ಅಳತೆ ನಿಮಗೆ ಬಾರದು. ಹಾಲಿನ ಲೋಟ, ಸಾರು ಬಡಿಸುವ ಸೌಟು, ಮೊಸರಿನ ಬಟ್ಟಲು ಇವನ್ನೂ ಹಾಗೆಯೇ ಒಂದು ಸಲ ಅಳೆದಿಟ್ಟರೆ ಮತ್ತೆ ದಿನಾ ತೂಗಬೇಕಾಗಿಲ್ಲ. ಅಕ್ಕಿ, ಬೇಳೆ, ಮೀನು, ಕೋಳಿ ಮಾತ್ರ ಯಾವಾಗಲೂ ಬೇಯಿಸುವ ಮೊದಲೇ ತೂಗಬೇಕು. 100 ಗ್ರಾಂ ಅಕ್ಕಿ ಬೆಂದಾಗ 300 ಗ್ರಾಂ ಅನ್ನವೂ ಆಗಬಹುದು, ಗಂಜಿಯಾದರೆ ಇನ್ನೂ ಹೆಚ್ಚು. ಬೆಂದದ್ದನ್ನು ತೂಗಿ ಹಸಿ ಅಕ್ಕಿಯ ಅಂಕಿ ಹಾಕಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

ಪಥ್ಯ ಶುರು ಮಾಡುವ ಮೊದಲು ಮೂರು ದಿನ ಈಗ ತಿನ್ನುತ್ತಿರುವುದನ್ನೇ ತೂಗಿ ಬರೆಯಿರಿ, ಏನನ್ನೂ ಬದಲಿಸಬೇಡಿ. ಬರೆಯಲು ಬೇಕಾದ ಅಂಕಿಗಳು ಇವು. ಎಲ್ಲವೂ 100 ಗ್ರಾಂ ಹಸಿ ಪದಾರ್ಥದಲ್ಲಿರುವ ಪ್ರೊಟೀನ್, ಸುಮಾರಿನ ಲೆಕ್ಕ:

ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ: 7.8 ಗ್ರಾಂ
ರಾಗಿ: 7 ಗ್ರಾಂ
ಗೋಧಿ ಹಿಟ್ಟು, ಮೈದಾ, ರವೆ: 10ರಿಂದ 11 ಗ್ರಾಂ
ತೊಗರಿಬೇಳೆ: 22 ಗ್ರಾಂ, ಉದ್ದಿನಬೇಳೆ, ಹೆಸರುಬೇಳೆ: 23ರಿಂದ 24 ಗ್ರಾಂ
ಕಡ್ಲೆ: 19 ಗ್ರಾಂ, ಹುರುಳಿ: 22 ಗ್ರಾಂ, ನೆಲಗಡಲೆ: 24 ಗ್ರಾಂ
ಹಾಲು, ಮೊಸರು: 3.2 ಗ್ರಾಂ
ಮೀನು, ಸಿಗಡಿ, ಕೋಳಿ (ಮುಳ್ಳು, ಸಿಪ್ಪೆ, ಎಲುಬು ಬಿಟ್ಟು): 19ರಿಂದ 21 ಗ್ರಾಂ
ತೆಂಗಿನತುರಿ: 4 ಗ್ರಾಂ
ಸಾಮಾನ್ಯ ತರಕಾರಿ: 1 ಗ್ರಾಂ ಆಚೀಚೆ, ಸೊಪ್ಪು: 2ರಿಂದ 4 ಗ್ರಾಂ
ಸಬ್ಬಕ್ಕಿ, ಕೂವೆ ಹುಡಿ: ಅರ್ಧ ಗ್ರಾಂಗೂ ಕಡಿಮೆ
ಎಣ್ಣೆ, ಸಕ್ಕರೆ: ಇಲ್ಲ

ಒಂದು ಕೋಳಿಮೊಟ್ಟೆಯಲ್ಲಿ 6 ಗ್ರಾಂ. ಬರೇ ಬಿಳಿಭಾಗದಲ್ಲಿ ಮೂರೂವರೆ ಗ್ರಾಂ, ಕುಂದಿದ ಕಿಡ್ನಿ ಸರಿಯಾಗಿ ಹೊರಹಾಕಲಾರದ ರಂಜಕ (ಫಾಸ್ಫರಸ್) ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಮೀನು ಮುಟ್ಟದ ಮನೆಯ ಒಂದು ದಿನವನ್ನು ಈ ಪಟ್ಟಿಯಲ್ಲಿ ಇಟ್ಟು ನೋಡಿ. ಬೆಳಿಗ್ಗೆ ನಾಲ್ಕು ಇಡ್ಲಿ (8), ಸಾಂಬಾರು, ಚಟ್ನಿ (3), ದಿನದ ಕಾಫಿ, ಚಾಕ್ಕೆ ಒಟ್ಟು 300 ಮಿಲಿ ಹಾಲು (10), ಮಧ್ಯಾಹ್ನ 120 ಗ್ರಾಂ ಅಕ್ಕಿ (9), 30 ಗ್ರಾಂ ಬೇಳೆ (6.5), ಒಂದು ಬಟ್ಟಲು ಮೊಸರು (4.5), ಸಂಜೆ ಗೋಳಿಬಜೆ (5), ರಾತ್ರಿ 80 ಗ್ರಾಂ ಅಕ್ಕಿ (6), ಕಡ್ಲೆ ಗಸಿ (6). ಒಟ್ಟು 58 ಗ್ರಾಂ. 60 ಕಿಲೋದವರಿಗೆ ಇದು ಕಿಲೋಗೆ ಹತ್ತಿರಹತ್ತಿರ 1 ಗ್ರಾಂ. "ನಾವು ಸಸ್ಯಾಹಾರಿಗಳು, ನಮಗೆಲ್ಲಿಂದ ಪ್ರೊಟೀನ್?" ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ತಿಂಡಿಯಲ್ಲಿ ಉದ್ದು, ಊಟದಲ್ಲಿ ಬೇಳೆ

ಪಥ್ಯ ತಪ್ಪುವುದು ಹೆಚ್ಚಾಗಿ ಬೆಳಗಿನ ತಿಂಡಿಯಲ್ಲಿ. ಎರಡು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕಿದ ಇಡ್ಲಿ ಹಿಟ್ಟಿನ ಪ್ರತಿ 100 ಗ್ರಾಂ ಒಣ ಧಾನ್ಯದಲ್ಲಿ ಸುಮಾರು 13 ಗ್ರಾಂ ಪ್ರೊಟೀನ್ ಇದೆ. ಹಲಸಿನೆಲೆಯ ಕೊಟ್ಟೆ ಕಡುಬು, ಮೂಡೆ ಇವಕ್ಕೂ ಅದೇ ಹಿಟ್ಟು, ಅದೇ ಲೆಕ್ಕ. ಬರೇ ಅಕ್ಕಿಯದ್ದಾದರೆ 8 ಗ್ರಾಂ ದಾಟುವುದಿಲ್ಲ. ಆದ್ದರಿಂದ ವಾರದ ಹೆಚ್ಚಿನ ದಿನ ಬರೇ ಅಕ್ಕಿಯ ತಿಂಡಿ ಮಾಡಿ: ನೀರು ದೋಸೆ, ಪುಂಡಿ, ಸೇಮಿಗೆ, ತೆಳುವಾದ ಅಕ್ಕಿ ರೊಟ್ಟಿ. 60 ಗ್ರಾಂ ಅಕ್ಕಿಯ ನಾಲ್ಕೈದು ನೀರು ದೋಸೆಯಲ್ಲಿ 4.7 ಗ್ರಾಂ ಅಷ್ಟೆ. ಇಡ್ಲಿ ಬೇಕೇ ಬೇಕು ಎನಿಸಿದ ದಿನ ಎರಡಕ್ಕೆ ನಿಲ್ಲಿಸಿ, ಅಂದಿನ ಮಧ್ಯಾಹ್ನದ ಬೇಳೆ ಬಿಡಿ. ಅವಲಕ್ಕಿ ಒಗ್ಗರಣೆ ಆಗಬಹುದು, ನೆಲಗಡಲೆ ಹಾಕಬೇಡಿ. ಗೋಳಿಬಜೆ, ಬನ್ಸ್ ಮೈದಾದ್ದು. ಪ್ರೊಟೀನೂ ಅಕ್ಕಿಗಿಂತ ಹೆಚ್ಚು, ಸೋಡಾಪುಡಿಯ ಸೋಡಿಯಂ ಬೇರೆ.

ಮಧ್ಯಾಹ್ನದ ಕೊದ್ದೆಲ್, ಹುಳಿ, ಸಾರಿಗೆ ಒಂದು ಸುಲಭ ಉಪಾಯವಿದೆ. ಬೇಳೆಯನ್ನು ತರಕಾರಿ ಜತೆ ಬೇಯಿಸಬೇಡಿ, ಬೇರೆ ಪಾತ್ರೆಯಲ್ಲಿ ಬೇಯಿಸಿ. ತರಕಾರಿ, ಹುಳಿ, ತೆಂಗಿನ ಮಸಾಲೆ ಕುದಿದ ಮೇಲೆ, ಬೇಳೆ ಸೇರಿಸುವ ಮೊದಲೇ, ಪಥ್ಯದವರ ಪಾಲನ್ನು ಚಿಕ್ಕ ಪಾತ್ರೆಗೆ ತೆಗೆದಿಡಿ. ಅದಕ್ಕೆ ತೂಗಿದ 15 ಗ್ರಾಂ ಬೇಳೆಯಷ್ಟೇ ಸೇರಲಿ, ಉಳಿದದ್ದು ಮನೆಯವರ ಪಾತ್ರೆಗೆ. ಒಗ್ಗರಣೆ ಒಂದೇ, ರುಚಿಯೂ ಒಂದೇ, ಎರಡು ಅಡುಗೆ ಮಾಡಿದಂತಾಗುವುದಿಲ್ಲ. ಉಪ್ಪನ್ನೂ ಈ ಹಂತದಲ್ಲೇ ಬೇರೆಬೇರೆ ಹಾಕಿದರೆ ಒಂದೇ ಕೈಕೆಲಸದಲ್ಲಿ ಎರಡು ಪಥ್ಯ ಆಯಿತು. ಕೊಂಕಣಿಗರ ಮನೆಯ ದಾಳಿತೋಯ್ ಬರೀ ಬೇಳೆಯೇ ಆದ್ದರಿಂದ ಅಲ್ಲಿ ಪಾಲು ತೆಗೆಯುವ ದಾರಿ ಇಲ್ಲ. ಬೇಳೆ ತೂಗಿ, ನೀರು ಹೆಚ್ಚಿಸಿ, ಇಂಗು ಮೆಣಸಿನ ಒಗ್ಗರಣೆ ಜೋರು ಮಾಡಬೇಕು. ತಿಳಿ ಬಗ್ಗಿಸಿದರೆ ಅದರಲ್ಲಿ ಪ್ರೊಟೀನ್ ಇಲ್ಲ ಎನ್ನುವುದು ತಪ್ಪು, ಕಡಿಮೆ ಇರುತ್ತದೆ ಅಷ್ಟೆ.

ಮೆಣಸ್ಕಾಯಿ, ಸಾಸಿವೆ, ಗೊಜ್ಜು, ತಂಬುಳಿ ಇವಕ್ಕೆ ಬೇಳೆಯೇ ಬೇಕಿಲ್ಲ. ಈ ಪಥ್ಯಕ್ಕೆಂದೇ ಯಾರೋ ಮಾಡಿಟ್ಟ ಹಾಗಿದೆ ನಮ್ಮ ಈ ಸಾಲು. ತಂಬುಳಿಯ ಮಜ್ಜಿಗೆಗೆ ಹೋಗುವ ಮೊಸರನ್ನು ಮಾತ್ರ ಲೆಕ್ಕದಲ್ಲಿ ಹಿಡಿಯಿರಿ. ಕೋಸಂಬರಿ ಒಂದೆರಡು ಚಮಚವಷ್ಟೇ ಅನ್ನಿಸುತ್ತದೆ, ಆದರೆ 25 ಗ್ರಾಂ ಹೆಸರುಬೇಳೆ ನೆನೆದರೆ ಅದೇ 6 ಗ್ರಾಂ ಪ್ರೊಟೀನ್. ಮುಳ್ಳುಸೌತೆಯದ್ದೇ ಕೋಸಂಬರಿ ಮಾಡಿ. ಉದ್ದಿನ ಹಪ್ಪಳ ಒಂದಕ್ಕೆ 2 ಗ್ರಾಂ, ಉಪ್ಪು ಮತ್ತು ಹಪ್ಪಳಖಾರದ ಸೋಡಿಯಂ ಬೇರೆ.

ಮೀನು ತಿನ್ನುವವರಿಗೆ

ಮೀನು ನಿಲ್ಲಿಸಬೇಕಾಗಿಲ್ಲ, ತುಂಡು ಚಿಕ್ಕದಾಗಬೇಕು. 40 ಗ್ರಾಂ ಮೀನಿನ ಮಾಂಸದಲ್ಲಿ 8 ಗ್ರಾಂ ಪ್ರೊಟೀನ್. 15 ಗ್ರಾಂ ಬೇಳೆಗೂ 150 ಗ್ರಾಂ ಮೊಸರಿಗೂ ಸೇರಿ ಅಷ್ಟೇ ಆಗುತ್ತದೆ. ಆದ್ದರಿಂದ ಮೀನು ಮಾಡಿದ ದಿನ ಬೇಳೆಯೂ ಇಲ್ಲ, ಮೊಸರೂ ಇಲ್ಲ ಎಂಬ ಒಂದೇ ನಿಯಮ ಇಟ್ಟುಕೊಳ್ಳಿ. ಮಧ್ಯಮ ಗಾತ್ರದ, 150 ಗ್ರಾಂನ ಇಡೀ ಬಂಗುಡೆಯಲ್ಲಿ ತಲೆ, ಮುಳ್ಳು, ಹೊಟ್ಟೆ ಕಳೆದರೆ 90 ಗ್ರಾಂ ಆಸುಪಾಸು ಉಳಿಯುತ್ತದೆ, ಅಂದರೆ 18 ಗ್ರಾಂ ಪ್ರೊಟೀನ್. 36 ಗ್ರಾಂನವರ ಅರ್ಧ ದಿನದ ಪಾಲು ಅದೊಂದರಲ್ಲೇ ಮುಗಿಯಿತು. ಅರ್ಧ ಬಂಗುಡೆ ಸಾಕು. ಅಂಜಲ್ ಕೊಳ್ಳುವವರು ಮಲ್ಪೆಯಲ್ಲೋ ಮಂಗಳೂರಿನ ಮಾರ್ಕೆಟಿನಲ್ಲೋ ತುಂಡು ಮಾಡಿಸುವಾಗಲೇ ತೆಳುವಾಗಿ ಕೊಯ್ಯಲು ಹೇಳಿ. ಮನೆಗೆ ತಂದ ಮೇಲೆ ದಪ್ಪ ತುಂಡನ್ನು ಅರ್ಧ ಮಾಡಿ ಬಡಿಸಿದರೆ ಉಳಿದರ್ಧವೂ ಬಟ್ಟಲಿಗೆ ಬರುವುದು ಖಂಡಿತ. ಬೂತಾಯಿಯಂಥ ಚಿಕ್ಕ ಮೀನನ್ನು ಮುಳ್ಳು ಸಮೇತ ಅಗಿದರೆ ರಂಜಕ ಹೆಚ್ಚಾಗುತ್ತದೆ, ಮುಳ್ಳು ತೆಗೆದು ತಿನ್ನಿ.

ಮೀನಿನ ಮಸಾಲೆ ಗಸಿಯನ್ನು ಅನ್ನಕ್ಕೆ ಧಾರಾಳ ಹಾಕಿಕೊಳ್ಳಬಹುದು, ಉಪ್ಪು ಕಡಿಮೆ ಇದ್ದರೆ. ಕೋರಿ ರೊಟ್ಟಿಗೂ ಇದೇ ಮಾತು: ರೊಟ್ಟಿ ಅಕ್ಕಿಯದ್ದು, ಗಸಿ ತೆಂಗಿನದ್ದು, ಕೋಳಿ ತುಂಡು ಒಂದೇ.

ಕಷ್ಟ ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮನೆಗಳಲ್ಲಿ ಒಣಮೀನು, ಒಣಸಿಗಡಿ ಚಟ್ನಿ, ಉಪ್ಪಿಗೆ ಹಾಕಿದ ಹಲಸಿನ ಸೊಳೆ ಹೊರಗೆ ಬರುತ್ತವೆ. ಒಣಗಿದ ಮೀನಿನಲ್ಲಿ ನೀರು ಹೋಗಿರುವುದರಿಂದ ಅದೇ ತೂಕದಲ್ಲಿ ಪ್ರೊಟೀನ್ ಎರಡು ಪಟ್ಟಿಗೂ ಹೆಚ್ಚು. ಉಪ್ಪಂತೂ ಹೇಳುವುದೇ ಬೇಡ. ಕಿಡ್ನಿ ತೊಂದರೆ ಇದ್ದವರ ದಿನದ ಉಪ್ಪು 5 ಗ್ರಾಂ, ಒಂದು ಚಹಾ ಚಮಚದಷ್ಟು, ಅಡುಗೆ, ಉಪ್ಪಿನಕಾಯಿ, ಬೇಕರಿ ತಿಂಡಿ ಎಲ್ಲ ಸೇರಿ. ಒಣಮೀನನ್ನು ನೆನೆಸಿ ತೊಳೆದರೂ ಈ ಮಿತಿಯಲ್ಲಿ ಕೂರಿಸುವುದು ಕಷ್ಟ, ಬಿಟ್ಟುಬಿಡುವುದೇ ಒಳ್ಳೆಯದು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಕುಂದಿದ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕಲಾರದು, ಆದ್ದರಿಂದ ಕಿಡ್ನಿಯವರಿಗೆ ಅದು ಮಾಮೂಲಿ ಉಪ್ಪಿಗಿಂತ ಅಪಾಯ. ಸೈಂಧವ ಉಪ್ಪೂ ಉಪ್ಪೇ.

ಬಿಟ್ಟ ಜಾಗ ತುಂಬಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ. ದಿನಕ್ಕೆ ಕಿಲೋ ತೂಕಕ್ಕೆ 25ರಿಂದ 35 ಕ್ಯಾಲೊರಿ ಹೊಟ್ಟೆಗೆ ಹೋಗಲೇಬೇಕು. 60 ಕಿಲೋಗೆ 1,800 ಎಂದಿಟ್ಟುಕೊಳ್ಳಿ. ಅದು ಸಿಗದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಉರಿಸುತ್ತದೆ. ಆ ಸ್ನಾಯುವೂ ಪ್ರೊಟೀನೇ. ಅದರ ಕಸವೂ ಯೂರಿಯಾ ಆಗಿ ರಕ್ತಕ್ಕೇ ಬರುತ್ತದೆ. ಬಾಯಿ ಕಟ್ಟಿದವರ ಯೂರಿಯಾ ಇಳಿಯದಿರುವುದಕ್ಕೆ ಕಾರಣ ಇದೇ. ರಿಪೋರ್ಟು ನೋಡಿ ಇನ್ನಷ್ಟು ಕಡಿಮೆ ತಿನ್ನಲು ಹೊರಟರೆ ಸ್ಥಿತಿ ಮತ್ತೂ ಕೆಡುತ್ತದೆ.

ಪ್ರೊಟೀನ್ ಇಲ್ಲದ ಕ್ಯಾಲೊರಿ ನಮ್ಮಲ್ಲಿ ಮೂರು ಕಡೆಯಿಂದ ಬರುತ್ತದೆ. ಎಣ್ಣೆ ಮೊದಲನೆಯದು: ಒಂದು ಚಹಾ ಚಮಚಕ್ಕೆ 40 ಕ್ಯಾಲೊರಿ. ನೀರು ದೋಸೆಗೆ, ಪಲ್ಯಕ್ಕೆ, ಗಂಜಿಯ ಚಟ್ನಿಗೆ ಸೇರಿ ದಿನಕ್ಕೆ ಏಳು ಚಮಚ ಹೋದರೆ 280 ಆಯಿತು. ಪೂರ್ತಿ ತೆಂಗಿನೆಣ್ಣೆಯೇ ಬೇಡ, ಕೊಲೆಸ್ಟರಾಲ್ ಇದ್ದವರು ಅರ್ಧ ಬೇರೆ ಎಣ್ಣೆ ಸೇರಿಸಲಿ. ಎರಡನೆಯದು ಪಿಷ್ಟ: ಸಬ್ಬಕ್ಕಿ, ಕೂವೆ ಹುಡಿ. 50 ಗ್ರಾಂ ಸಬ್ಬಕ್ಕಿಯಲ್ಲಿ 175 ಕ್ಯಾಲೊರಿ, ಪ್ರೊಟೀನ್ ಲೆಕ್ಕಕ್ಕೇ ಇಲ್ಲ. ಉಪ್ಪಿಟ್ಟು, ಸಂಡಿಗೆ ಹಿಟ್ಟಿನ ಗಂಜಿ, ಬೆಲ್ಲ ಹಾಕಿದ ಪಾಯಸ ಏನಾದರೂ ಮಾಡಬಹುದು. ಅಂಗಡಿಯ ಕೂವೆ ಹುಡಿಯಲ್ಲಿ ಜೋಳದ ಪಿಷ್ಟ ಬೆರೆತಿದ್ದರೂ ಈ ಪಥ್ಯಕ್ಕೆ ನಷ್ಟವಿಲ್ಲ, ನಿಮ್ಮ ಹಣಕ್ಕೆ ಮಾತ್ರ. ಮೂರನೆಯದು ಸಕ್ಕರೆ, ಬೆಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಎರಡನೆಯದೂ ಮೂರನೆಯದೂ ನಡೆಯುವುದಿಲ್ಲ. ಅವರು ಎಣ್ಣೆಯನ್ನೇ ನೆಚ್ಚಬೇಕು, ಅನ್ನವನ್ನು ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೆ ಹಂಚಬೇಕು. "ಅನ್ನ ಬಿಟ್ಟು ಚಪಾತಿ ತಿನ್ನಿ" ಎಂಬ ಸಲಹೆ ಅವರಿಗೆ ಎಲ್ಲ ಕಡೆಯಿಂದ ಸಿಗುತ್ತದೆ. 70 ಗ್ರಾಂ ಹಿಟ್ಟಿನ ಎರಡು ಚಪಾತಿಯಲ್ಲಿ 7 ಗ್ರಾಂಗೂ ಹೆಚ್ಚು ಪ್ರೊಟೀನ್, ಅದೇ ತೂಕದ ಅಕ್ಕಿಯಲ್ಲಿ 5.5. ಬದಲಿಸುವುದಾದರೆ ಈ ವ್ಯತ್ಯಾಸವನ್ನು ಬೇರೆಡೆ ಕಳೆಯಿರಿ. ಊಟ ಬದಲಾದಾಗ ಇನ್ಸುಲಿನ್, ಸಕ್ಕರೆ ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗಬಹುದು, ಡಾಕ್ಟರಿಗೆ ತಿಳಿಸಿಯೇ ಮುಂದುವರಿಯಿರಿ.

60 ಕಿಲೋ ತೂಕದ, ಸಕ್ಕರೆ ಕಾಯಿಲೆ ಇಲ್ಲದ, 36 ಗ್ರಾಂ ಮಿತಿಯವರ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 60 ಗ್ರಾಂ ಅಕ್ಕಿಯ ನೀರು ದೋಸೆ, ಕಾಯಿಬೆಲ್ಲ, 50 ಮಿಲಿ ಹಾಲಿನ ಕಾಫಿ: ಸುಮಾರು 7 ಗ್ರಾಂ. ಹತ್ತೂವರೆಗೆ ಒಂದು ಸೇಬು. ಮಧ್ಯಾಹ್ನ 100 ಗ್ರಾಂ ಕುಚ್ಚಲಕ್ಕಿಯ ಅನ್ನ, 15 ಗ್ರಾಂ ಬೇಳೆ ಹಾಕಿದ ಮಂಗಳೂರು ಸೌತೆಯ ಹುಳಿ, ತೊಂಡೆಕಾಯಿ ಪಲ್ಯ, 100 ಗ್ರಾಂ ಮೊಸರು: 16 ಗ್ರಾಂ. ಸಂಜೆ 50 ಗ್ರಾಂ ಸಬ್ಬಕ್ಕಿ ಉಪ್ಪಿಟ್ಟು, 50 ಮಿಲಿ ಹಾಲಿನ ಚಾ: 2 ಗ್ರಾಂ. ರಾತ್ರಿ 80 ಗ್ರಾಂ ಅಕ್ಕಿಯ ಅನ್ನ ಅಥವಾ ಗಂಜಿ, 50 ಗ್ರಾಂ ಮೊಸರಿನ ತಂಬುಳಿ, ಪಡುವಲಕಾಯಿ ಪಲ್ಯ: 9 ಗ್ರಾಂ. ಒಟ್ಟು 34. ಏಳು ಚಮಚ ಎಣ್ಣೆ, 30 ಗ್ರಾಂ ಸಕ್ಕರೆ ಬೆಲ್ಲ, 25 ಗ್ರಾಂ ತೆಂಗಿನತುರಿ ಸೇರಿ ಕ್ಯಾಲೊರಿ 1,800 ದಾಟುತ್ತದೆ. ಉಳಿದ 2 ಗ್ರಾಂ ತಪ್ಪುತಡೆಗೆ ಇರಲಿ. 48 ಗ್ರಾಂ ಮಿತಿ ಸಿಕ್ಕವರಿಗೆ ಇದೇ ಊಟದ ಮೇಲೆ ಎರಡು ಮೊಟ್ಟೆಯ ಬಿಳಿಭಾಗ ಮತ್ತು ಇನ್ನೂ 15 ಗ್ರಾಂ ಬೇಳೆ, ಅಥವಾ 50 ಗ್ರಾಂ ಮೀನು ಹೆಚ್ಚಿಗೆ ಕೂರುತ್ತದೆ.

ತರಕಾರಿ, ಬೊಂಡ, ದಾರೆಹುಳಿ

ಪೊಟ್ಯಾಸಿಯಂ ಕಟ್ಟುನಿಟ್ಟು ಎಲ್ಲರಿಗೂ ಬೇಡ. ರಕ್ತದ ಪರೀಕ್ಷೆಯಲ್ಲಿ ಅದು ಏರಿದ್ದವರಿಗೆ ಮಾತ್ರ ಬೇಕು. ಸುಮ್ಮನೆ ಎಲ್ಲ ತರಕಾರಿ ಬಿಟ್ಟವರಿಗೆ ಮಲಬದ್ಧತೆ ಬಂದು ಅದರಿಂದಲೇ ಪೊಟ್ಯಾಸಿಯಂ ಏರುವುದೂ ಉಂಟು. ಏರಿದ್ದರೆ ಮಂಗಳೂರು ಸೌತೆ, ಬೂದುಗುಂಬಳ, ಹೀರೆ, ಪಡುವಲ, ಸೋರೆ, ತೊಂಡೆ ಕಡೆಗೆ ಹೊರಳಿ. ಹರಿವೆ, ಬಸಳೆ, ನುಗ್ಗೆಸೊಪ್ಪು, ಕೆಸು, ಸುವರ್ಣಗೆಡ್ಡೆ, ಆಲೂಗಡ್ಡೆ ಇವನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿ, ಆಮೇಲೆ ಮಸಾಲೆಗೆ ಹಾಕಿ. ಬರೇ ನೆನೆಸಿಟ್ಟರೆ ಅಷ್ಟು ಇಳಿಯುವುದಿಲ್ಲ, ಕುದಿಸಿ ಚೆಲ್ಲಬೇಕು. ಬಸಿದ ನೀರಲ್ಲಿ ಸಾರು ಮಾಡುವ ನಮ್ಮ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ. ಕುಕ್ಕರಿನಲ್ಲಿ ಅಳತೆ ನೀರಿಟ್ಟು ಬೇಯಿಸಿದರೂ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ.

ಒಂದು ಬೊಂಡದ, ಅಂದರೆ ಎಳನೀರಿನ ಕಾಯಿಯ, ನೀರಿನಲ್ಲಿ ಅರ್ಧ ಗ್ರಾಂನಷ್ಟು, ಕೆಲವೊಮ್ಮೆ ಹೆಚ್ಚೇ ಪೊಟ್ಯಾಸಿಯಂ ಇರುತ್ತದೆ. "ಕಿಡ್ನಿಗೆ ತಂಪು" ಎಂದು ತಂದುಕೊಡುವ ಬಂಧುಗಳಿಗೆ ಇದನ್ನು ಹೇಳಿ. ಬಾಳೆದಿಂಡಿನ ರಸ, ಹುರುಳಿ ಸಾರು ಕಿಡ್ನಿಗೆ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಕಲ್ಲಿನ ತೊಂದರೆಯ ಸುತ್ತ. ಸೋಸುವ ಶಕ್ತಿ ಕುಂದಿದವರಿಗೆ ಅದು ಅನ್ವಯವಾಗದು.

ದಾರೆಹುಳಿ, ಅಂದರೆ ನಕ್ಷತ್ರದಾಕಾರಕ್ಕೆ ಕತ್ತರಿಸಿ ಬರುವ ಹಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ವಿಷ. ಇದರಲ್ಲಿ ಅತಿಯೆನಿಸುವ ಮಾತೇನೂ ಇಲ್ಲ. ಅದರಲ್ಲಿರುವ ನರಕ್ಕೆ ತಾಗುವ ಅಂಶವನ್ನು ಆರೋಗ್ಯವಂತರ ಕಿಡ್ನಿ ಹೊರಹಾಕುತ್ತದೆ, ಕುಂದಿದ ಕಿಡ್ನಿಗೆ ಆಗುವುದಿಲ್ಲ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಸೆಳೆತಕ್ಕೆ ಹೋಗಬಹುದು, ಜೀವಕ್ಕೂ ಸಂಚಕಾರ. ಒಂದು ಹಣ್ಣೂ ಬೇಡ, ಉಪ್ಪಿನಕಾಯಿಯಲ್ಲೂ ಬೇಡ, ರಸದಲ್ಲೂ ಬೇಡ. ಅದೇ ಕುಲದ ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ. ಅದರ ರಸ ಹೆಚ್ಚು ಕುಡಿದವರ ಕಿಡ್ನಿ ಏಕಾಏಕಿ ಕೆಟ್ಟದ್ದಿದೆ. ಮೀನಿನ ಗಸಿಗೆ ಹುಳಿ ಬೇಕಿದ್ದರೆ ಹುಣಸೆಯೋ ಪುನರ್ಪುಳಿಯೋ ಸಾಕು. ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯವೂ ಸೇರಿದಂತೆ ಯಾವ ಕಷಾಯವನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ವ್ರತ, ಮದುವೆ, ಮಠದ ಊಟ

ಚಾತುರ್ಮಾಸ್ಯ ಆಚರಿಸುವ ಮನೆಗಳಲ್ಲಿ ನಾಲ್ಕು ತಿಂಗಳ ಲೆಕ್ಕ ನಾಲ್ಕು ಬಗೆ. ಮೊದಲ ತಿಂಗಳ ಶಾಕವ್ರತದಲ್ಲಿ ತರಕಾರಿ ಇಲ್ಲ. ಅಡುಗೆಯೆಲ್ಲ ಹೆಸರುಬೇಳೆ, ಉದ್ದಿನ ಹಿಟ್ಟು, ಮೊಸರಿನ ಮೇಲೆ ನಿಲ್ಲುತ್ತದೆ. ಪ್ರೊಟೀನ್ ಅತಿ ಹೆಚ್ಚು ಏರುವ ತಿಂಗಳು ಇದೇ. ಮೆಣಸು ಜೀರಿಗೆಯ ತಿಳಿಸಾರು, ತೂಗಿದ ಬೇಳೆ, ತುಪ್ಪ ಧಾರಾಳ ಎಂದು ಮಾಡಿಕೊಳ್ಳಬೇಕು. ಆಮೇಲಿನ ಎರಡು ತಿಂಗಳು ಮೊಸರು, ಹಾಲು ಒಂದೊಂದಾಗಿ ಬಿಡುವುದು. ಬಿಟ್ಟದ್ದರ ಜಾಗದಲ್ಲಿ ಇನ್ನೊಂದನ್ನು ಹೆಚ್ಚಿಸದಿದ್ದರೆ ಸರಿ. ಕೊನೆಯ ದ್ವಿದಳ ವ್ರತದಲ್ಲಿ ಬೇಳೆಯೇ ಇಲ್ಲ, ಪಥ್ಯ ತಾನಾಗಿಯೇ ನಡೆಯುತ್ತದೆ. ಏಕಾದಶಿಯ ನಿರಾಹಾರ ಬೇಡ. ಇಡೀ ದಿನ ಕ್ಯಾಲೊರಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇವೆ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಅಪಾಯ. ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂದು ಹಿರಿಯರೇ ಹೇಳುತ್ತಾರೆ.

ಮದುವೆ ಊಟದಲ್ಲಿ ಬಾಳೆಎಲೆಯ ಮೇಲೆ ಯಾವುದನ್ನು ಬಡಿಸಿಕೊಳ್ಳಬೇಕೆಂದು ಕೂರುವ ಮೊದಲೇ ತೀರ್ಮಾನಿಸಿ. ಉಪ್ಪಿನಕಾಯಿ, ಕೋಸಂಬರಿ, ಹಪ್ಪಳ, ಆಂಬೊಡೆ ಇವಕ್ಕೆ ಕೈ ಅಡ್ಡ ಹಿಡಿಯಿರಿ. ಅನ್ನ, ಸಾರಿನ ತಿಳಿ, ಪಲ್ಯ, ಮೆಣಸ್ಕಾಯಿ, ಮಟ್ಟುಗುಳ್ಳದ ಹುಳಿಯಲ್ಲಿ ಗುಳ್ಳದ ಹೋಳು ಆಗಬಹುದು. ಕಡಲೆಬೇಳೆ ಪಾಯಸ ಬಿಟ್ಟು ಹೋಳಿಗೆ ತಿನ್ನುತ್ತೇನೆ ಎನ್ನುವುದರಲ್ಲಿ ಲಾಭವಿಲ್ಲ, ಅದರೊಳಗಿರುವುದೂ ಕಡಲೆಬೇಳೆಯೇ. ಅಂದಿನ ರಾತ್ರಿ ಬೇಳೆ ಮೊಸರು ಬಿಟ್ಟು ಗಂಜಿ, ತುಪ್ಪ, ತರಕಾರಿ ಪಲ್ಯಕ್ಕೆ ನಿಲ್ಲಿಸಿ. ಒಂದು ದಿನ 10 ಗ್ರಾಂ ಹೆಚ್ಚಾಯಿತೆಂದು ಮರುದಿನ ಉಪವಾಸ ಬೀಳುವುದು ಬೇಡ. ವಾರದ ಸರಾಸರಿ ನೋಡಿ.

ಪಾಲನೆ ಆಗುತ್ತಿದೆಯೇ ಎಂದು ತಿಳಿಯಲು

ಪುಸ್ತಕದಲ್ಲಿ ಬರೆದದ್ದು ನಿಜವೇ ಎನ್ನುವುದಕ್ಕೆ ಸಾಕ್ಷಿ 24 ಗಂಟೆಯ ಮೂತ್ರ ಪರೀಕ್ಷೆ. ಬೆಳಿಗ್ಗೆ ಎದ್ದ ಮೊದಲ ಮೂತ್ರ ಚೆಲ್ಲಿ, ಗಂಟೆ ಬರೆದಿಡಿ. ಆಮೇಲಿನದೆಲ್ಲ, ಮರುದಿನ ಅದೇ ಗಂಟೆಯ ಮೊದಲ ಮೂತ್ರವೂ ಸೇರಿ, ಲ್ಯಾಬು ಕೊಟ್ಟ ಕ್ಯಾನಿಗೆ ಹೋಗಬೇಕು. ಶೌಚಕ್ಕೆ ಹೋದಾಗ ತಪ್ಪಿಹೋಗುವುದೇ ಹೆಚ್ಚು. ಮೊದಲು ಕ್ಯಾನು, ಆಮೇಲೆ ಶೌಚ. ಕ್ಯಾನು ತಂಪಾದ ಜಾಗದಲ್ಲಿರಲಿ. "ಯೂರಿಯಾ ನೈಟ್ರೋಜನ್" ಎಂದೇ ಕೇಳಿ. ಲ್ಯಾಬು ಬರೇ ಯೂರಿಯಾ ಕೊಟ್ಟರೆ 2.14ರಿಂದ ಭಾಗಿಸಿ.

ಲೆಕ್ಕ ಹೀಗೆ: ಒಂದು ಡೆಸಿಲೀಟರಿಗೆ 300 ಮಿಲಿಗ್ರಾಂ ಬಂದು, ಒಟ್ಟು ಮೂತ್ರ ಒಂದೂವರೆ ಲೀಟರ್, ಅಂದರೆ 15 ಡೆಸಿಲೀಟರ್ ಇದ್ದರೆ 4,500 ಮಿಲಿಗ್ರಾಂ, 4.5 ಗ್ರಾಂ. ಇದಕ್ಕೆ ದೇಹದ ತೂಕವನ್ನು 0.03ರಿಂದ ಗುಣಿಸಿ ಕೂಡಿಸಿ: 60 ಕಿಲೋಗೆ 1.8, ಒಟ್ಟು 6.3. ಇದನ್ನು 6.25ರಿಂದ ಗುಣಿಸಿದರೆ 39 ಗ್ರಾಂ. ನೀವು ನಿಜವಾಗಿ ತಿಂದ ಪ್ರೊಟೀನ್ ಅಷ್ಟು. ಪುಸ್ತಕ 34 ಎನ್ನುತ್ತಿದ್ದರೆ ವ್ಯತ್ಯಾಸ ಚಿಕ್ಕದು, ಚಾದ ಹಾಲಿನಲ್ಲೋ ತಿಂಡಿಯ ಉದ್ದಿನಲ್ಲೋ ಸಿಗುತ್ತದೆ. 55 ಬಂದರೆ ತಕ್ಕಡಿ ಬಳಕೆಯಾಗುತ್ತಿಲ್ಲ ಎಂದೇ ಅರ್ಥ. ಜ್ವರವಿದ್ದಾಗ, ತೂಕ ಇಳಿಯುತ್ತಿರುವಾಗ ಈ ಲೆಕ್ಕ ನಂಬಲಾಗದು. ಕಿಡ್ನಿಯ ಸೋಸುವ ಶಕ್ತಿ ತಿಳಿಯಲು ಮಾಡುವ ಕ್ರಿಯಾಟಿನಿನ್ ಪರೀಕ್ಷೆಯ ಹಿಂದಿನ ರಾತ್ರಿ ಕೋಳಿ, ಮಾಂಸ ಬೇಡ, ಬೆಂದ ಮಾಂಸದಿಂದಲೇ ಅಂಕಿ ತುಸು ಏರಿ ತೋರುತ್ತದೆ.

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ. ಪ್ರಯತ್ನಪಡದೆ ಮೂರು ತಿಂಗಳಲ್ಲಿ ನೂರಕ್ಕೆ ಐದರಷ್ಟು, 60 ಕಿಲೋದವರಿಗೆ 3 ಕಿಲೋ ಇಳಿದರೆ ಕಾಯದೆ ಡಾಕ್ಟರನ್ನು ಕಾಣಿ. ಊತವಿದ್ದವರಲ್ಲಿ ನೀರು ತುಂಬಿ ಸ್ನಾಯು ಕರಗಿದ್ದು ತೂಕದಲ್ಲಿ ಗೊತ್ತಾಗುವುದಿಲ್ಲ. ತೋಳು ಸೊರಗುವುದು, ತೆಂಗಿನಕಾಯಿ ತುರಿಯುವಾಗ ಕೈಯಲ್ಲಿ ಬಲ ಇಲ್ಲದಿರುವುದು, ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೊಟೀನ್ ಇಳಿಯುತ್ತಾ ಬರುವುದು ಅದರ ಗುರುತು.

ಕೀಟೋ ಅನಲಾಗ್ ಎಂಬ ಮಾತ್ರೆಗಳು, ಅಂದರೆ ಸಾರಜನಕದ ಕಸ ಹೆಚ್ಚಿಸದೆ ಪ್ರೊಟೀನಿನ ಕೊರತೆ ತುಂಬುವಂಥವು, ಇನ್ನೂ ಕಡಿಮೆ, ಕಿಲೋಗೆ 0.3ರಿಂದ 0.4 ಗ್ರಾಂ ಪ್ರೊಟೀನಿನ ಪಥ್ಯದವರಿಗೆ. ದಿನಕ್ಕೆ ಹಲವು ಮಾತ್ರೆ, ಊಟದ ನಡುವೆಯೇ ನುಂಗಬೇಕು, ಅವುಗಳಲ್ಲಿ ಕ್ಯಾಲ್ಸಿಯಂ ಇರುವುದರಿಂದ ರಕ್ತ ಪರೀಕ್ಷೆ ಬೇಕು. ಮಾತ್ರೆ ಇದೆ ಎಂದು ಮೀನು ಹೆಚ್ಚಿಸಿದರೆ ಎರಡೂ ವ್ಯರ್ಥ. ಯಾರದ್ದೋ ಚೀಟಿ ನೋಡಿ ಕೊಳ್ಳಬೇಡಿ. "ಸುಸ್ತಿಗೆ" ಎಂದು ಕೊಡುವ ಪ್ರೊಟೀನ್ ಪುಡಿಯನ್ನೂ ಕೇಳದೆ ಕುಡಿಯಬೇಡಿ.

ಡಯಾಲಿಸಿಸ್ ಶುರುವಾದ ದಿನ ಈ ಪಟ್ಟಿಯನ್ನು ಅಡುಗೆಮನೆಯ ಗೋಡೆಯಿಂದ ತೆಗೆದುಬಿಡಿ. ಡಯಾಲಿಸಿಸ್‌ನಲ್ಲಿ ಪ್ರೊಟೀನಿನ ಒಂದು ಪಾಲು ಹೊರಗೆ ಹೋಗುತ್ತದೆ, ಬೇಕಾಗುವುದು ಕಿಲೋಗೆ 1ರಿಂದ 1.2 ಗ್ರಾಂ, 60 ಕಿಲೋಗೆ 60ರಿಂದ 72. ಹಳೆಯ ಪಥ್ಯವನ್ನೇ ಭಯದಿಂದ ಹಿಡಿದು ಸೊರಗುವವರು ಬಹಳ. ಮೀನು ತುಂಡು ದೊಡ್ಡದಾಗಲಿ, ಮೊಟ್ಟೆ, ಬೇಳೆ ವಾಪಸು ಬರಲಿ. ಉಪ್ಪು, ನೀರು, ಪೊಟ್ಯಾಸಿಯಂ, ರಂಜಕದ ಲೆಕ್ಕವನ್ನು ಡಯಾಲಿಸಿಸ್ ಘಟಕದ ಡಯಟಿಶಿಯನ್ ಹೊಸದಾಗಿ ಹಾಕಿಕೊಡುತ್ತಾರೆ.